ಚೀನಾ ಗುಳಿಗೆ, ಬಜೆ ಕೊಂಬು, ಮಕ್ಕಳ ಫಿಟ್ಸ್

ಓದುಗರ ಪ್ರಶ್ನೆ, ತಜ್ಞರ ಉತ್ತರ

ಮಕ್ಕಳ ಮೂರ್ಛೆ ರೋಗದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಒಂದೇ ಮಾತಿಗೆ ಬಂದು ನಿಂತಿವೆ: ‘ಇಂಗ್ಲಿಷ್ ಔಷಧಿ ಬಿಟ್ಟು ಬೇರೆ ದಾರಿ ಇಲ್ಲವೇ?’ ಹೆಸರು ಹಾಕಬೇಡಿ ಎಂದವರೇ ಹೆಚ್ಚು, ಹಾಗಾಗಿ ಊರು ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ: ಮಗನಿಗೆ ಏಳು ವರ್ಷ, 20 ಕೆ.ಜಿ. ಒಂದೂವರೆ ವರ್ಷದಿಂದ ಫಿಟ್ಸ್ ಇದೆ. ವಾಲ್‌ಪ್ರೊಯೇಟ್ ಸಿರಪ್ ಕೊಡುತ್ತಿದ್ದೇವೆ, ಆರು ತಿಂಗಳಿಂದ ಬಂದಿಲ್ಲ. ವ್ಯಾಪಾರಕ್ಕೆಂದು ಚೀನಾಕ್ಕೆ ಹೋಗಿ ಬರುವ ನಮ್ಮ ಭಾವ ಅಲ್ಲಿಂದ ಕಪ್ಪು ಗುಳಿಗೆಗಳ ಡಬ್ಬಿ ತಂದಿದ್ದಾರೆ. ‘ಬರೀ ಗಿಡಮೂಲಿಕೆ, ಮೂರು ತಿಂಗಳಲ್ಲಿ ಬೇರು ಸಮೇತ ಹೋಗುತ್ತೆ, ಸಿರಪ್ ನಿಲ್ಲಿಸಿಬಿಡಿ’ ಅನ್ನುತ್ತಾರೆ. ಡಬ್ಬಿ ಮೇಲೆಲ್ಲ ಚೀನೀ ಅಕ್ಷರ. ಕೊಡಬಹುದೇ? — ಶಿಡ್ಲಘಟ್ಟ

ಉತ್ತರ: ಕೊಡಬೇಡಿ. ಸಿರಪ್ಪನ್ನು ಇವತ್ತು ರಾತ್ರಿಯೂ ತಪ್ಪಿಸಬೇಡಿ.

ಆರು ತಿಂಗಳಿಂದ ಫಿಟ್ಸ್ ಬಂದಿಲ್ಲವೆಂದರೆ ಅದು ಸಿರಪ್ಪಿನ ಕೆಲಸ. ಒಮ್ಮೆಲೇ ನಿಲ್ಲಿಸಿದರೆ, ಅಲ್ಲಿಯವರೆಗೆ ಹದ್ದುಬಸ್ತಿನಲ್ಲಿದ್ದ ಮೆದುಳಿನ ಜೀವಕೋಶಗಳು ಒಟ್ಟಿಗೇ ಕೆರಳುತ್ತವೆ. ಒಂದು ಫಿಟ್ಸ್ ನಿಲ್ಲುವ ಮೊದಲೇ ಇನ್ನೊಂದು ಶುರುವಾಗಿ ಮಗುವನ್ನು ಐ.ಸಿ.ಯು.ಗೆ ಸೇರಿಸಬೇಕಾಗುವುದಕ್ಕೆ ಹೀಗೆ ಔಷಧಿ ಕೈಬಿಡುವುದೂ ಒಂದು ಮುಖ್ಯ ಕಾರಣ. ಸಾಮಾನ್ಯವಾಗಿ ಎರಡು ವರ್ಷ ಫಿಟ್ಸ್ ಇಲ್ಲದೆ ಕಳೆದ ಮೇಲೆ ನಿಲ್ಲಿಸುವ ಮಾತು ಬರುತ್ತದೆ. ಆಗಲೂ ತಿಂಗಳುಗಟ್ಟಲೆ ಇಳಿಸುತ್ತಾ ಬರಬೇಕು.

ಇನ್ನು ಗುಳಿಗೆ. ಚೀನೀ ವೈದ್ಯದ ಪ್ರಕಾರ ಫಿಟ್ಸ್ ಎಂದರೆ ದೇಹದೊಳಗೆ ಎದ್ದ ಗಾಳಿ ಮತ್ತು ದಾರಿ ಕಟ್ಟಿದ ಕಫ. ವಾತ, ಕಫ ಎಂಬ ಮಾತು ಕೇಳಿ ಬೆಳೆದ ನಮಗೆ ಇದು ಹೊಸದಲ್ಲ. ಗಾಳಿ ಅಡಗಿಸಲು ತ್ಯಾನ್‌ಮಾ ಎಂಬ ಎಲೆಯಿಲ್ಲದ ಆರ್ಕಿಡ್ ಗಿಡದ ಗೆಡ್ಡೆ, ಗೌಟೆಂಗ್ ಎಂಬ ಕೊಕ್ಕೆ ಮುಳ್ಳಿನ ಬಳ್ಳಿ. ಕಫ ಕರಗಿಸಲು ನಮ್ಮ ಬಜೆಯ ದಾಯಾದಿಯಾದ ಶಿಚಾಂಗ್‌ಪು ಬೇರು. ಇವುಗಳ ಜೊತೆಗೆ ಒಣಗಿಸಿದ ಚೇಳು, ಶತಪದಿ, ದನದ ಪಿತ್ತಕೋಶದ ಕಲ್ಲು, ಅಂದರೆ ಗೋರೋಚನ. ‘ಬರೀ ಗಿಡಮೂಲಿಕೆ’ ಎಂಬ ಮಾತು ಇಲ್ಲಿಗೇ ಮುಗಿಯಿತು. ನಿಮ್ಮೂರಿನವರಿಗೆ ಚೆನ್ನಾಗಿ ಗೊತ್ತಿರುವ ಒಂದು ವಸ್ತುವೂ ಈ ಪಟ್ಟಿಯಲ್ಲಿದೆ. ತಟ್ಟೆಯಲ್ಲಿ ಸುಣ್ಣ ಬಳಿದಂತೆ ಬೆಳ್ಳಗಾಗಿ, ಕಡ್ಡಿಯಂತೆ ಸೆಟೆದು ಸಾಯುವ ರೇಷ್ಮೆ ಹುಳುವನ್ನು ‘ಸುಣ್ಣಕಟ್ಟು’ ಎಂದು ಆರಿಸಿ ಸುಡುತ್ತೀರಲ್ಲ, ಅದೇ ಹುಳು, ಅದೇ ಬೂಷ್ಟು. ಚೀನಾದಲ್ಲಿ ಅದಕ್ಕೆ ಜಿಯಾಂಗ್‌ಚಾನ್ ಎಂದು ಹೆಸರು. ಬೇಕೆಂದೇ ರೋಗ ತಗುಲಿಸಿ, ಒಣಗಿಸಿ, ಮಕ್ಕಳ ಸೆಳೆತಕ್ಕೆ ಕೊಡುತ್ತಾರೆ.

ಹುಳು, ಚೇಳು ಕೇಳಲು ಅಸಹ್ಯವೆನಿಸಬಹುದು. ಆದರೆ ನಿಜವಾಗಿ ಹೆದರಬೇಕಾದದ್ದು ಬೇರೆ ಎರಡಕ್ಕೆ. ಒಂದು, ಲೋಹ. ಕೆಲವು ಹಳೇ ಸೂತ್ರಗಳಲ್ಲಿ ಇಂಗಳೀಕ ಸೇರುತ್ತದೆ, ಅದು ಪಾದರಸದ ಅದಿರು. ಆನ್‌ಗಾಂಗ್ ನ್ಯೂಹುವಾಂಗ್ ಎಂಬ ಪ್ರಸಿದ್ಧ ಗುಳಿಗೆಯ ಮೂಲ ಸೂತ್ರದಲ್ಲಿ ಇಂಗಳೀಕದ ಜೊತೆ ಮಣಿಶಿಲೆಯೂ ಇದೆ, ಅದರಲ್ಲಿರುವುದು ಆರ್ಸೆನಿಕ್. ತಿಂಗಳುಗಟ್ಟಲೆ ಇವು ಮಗುವಿನ ಹೊಟ್ಟೆಗೆ ಹೋಗಬಾರದು.

ಎರಡನೆಯದು, ಕಲಬೆರಕೆ. ಇಂಥ ಗುಳಿಗೆ ಕೆಲಸ ಮಾಡುವುದೇ ಇಲ್ಲವೆಂದು ಯಾರೂ ಹೇಳುವುದಿಲ್ಲ. ಕೆಲವು ತಕ್ಷಣವೇ ಮಾಡುತ್ತವೆ, ಅನುಮಾನ ಹುಟ್ಟುವುದೇ ಆಗ. ಫಿಟ್ಸ್‌ಗೆಂದು ಮಾರುವ ಪುಡಿ, ಗುಳಿಗೆಗಳಲ್ಲಿ ಫೀನೋಬಾರ್ಬಿಟೋನ್, ಫೆನಿಟಾಯಿನ್‌ನಂಥ ಇಂಗ್ಲಿಷ್ ಫಿಟ್ಸ್ ಔಷಧಿಗಳನ್ನೇ ಅರೆದು ಸೇರಿಸಿದ್ದು ಪತ್ತೆಯಾಗಿದೆ. ಚೀನೀ ಗುಳಿಗೆ ತಿಂದವರಿಗೆ ಫೆನಿಟಾಯಿನ್ ವಿಷವೇರಿದ್ದನ್ನು ಹಾಂಗ್‌ಕಾಂಗ್ ವೈದ್ಯರು 2000ದಲ್ಲೇ ವರದಿ ಮಾಡಿದರು. ನಮ್ಮ ದೇಶದ ‘ಆಯುರ್ವೇದ’ ಪುಡಿಗಳಲ್ಲೂ ಫೀನೋಬಾರ್ಬಿಟೋನ್ ಸಿಕ್ಕಿದ್ದುಂಟು, ಚೀನಾವೊಂದನ್ನೇ ದೂರಬೇಕಿಲ್ಲ. ನಿಮ್ಮ ಮಗುವಿನ ವಿಷಯದಲ್ಲಿ ಅಪಾಯ ಇಮ್ಮಡಿ. ವಾಲ್‌ಪ್ರೊಯೇಟ್ ಜೊತೆಗಿದ್ದರೆ ಫೀನೋಬಾರ್ಬಿಟೋನ್ ದೇಹದಿಂದ ಬೇಗ ಹೊರಹೋಗುವುದಿಲ್ಲ, ರಕ್ತದಲ್ಲಿ ಏರುತ್ತಾ ಹೋಗುತ್ತದೆ, ಮಗು ತೂಕಡಿಸಿ ತೂಕಡಿಸಿ ಕೊನೆಗೆ ಎಬ್ಬಿಸಿದರೂ ಏಳುವುದಿಲ್ಲ.

ಇಂಥ ಗುಳಿಗೆಯನ್ನು ಈಗಾಗಲೇ ವಾರಗಟ್ಟಲೆ ಕೊಟ್ಟಿರುವ ಓದುಗರೂ ಇರಬಹುದು. ಹೆದರಿ ಇದನ್ನೂ ಒಮ್ಮೆಲೇ ನಿಲ್ಲಿಸಬೇಡಿ, ಒಳಗೆ ಫೀನೋಬಾರ್ಬಿಟೋನ್ ಇದ್ದರೆ ನಿಲ್ಲಿಸಿದ್ದಕ್ಕೇ ಫಿಟ್ಸ್ ಬರುತ್ತದೆ. ಡಬ್ಬಿ ಸಮೇತ ಅದೇ ದಿನ ವೈದ್ಯರ ಬಳಿ ಹೋಗಿ. ರಕ್ತದಲ್ಲಿ ಫೀನೋಬಾರ್ಬಿಟೋನ್ ಮತ್ತು ಫೆನಿಟಾಯಿನ್ ಎಷ್ಟಿದೆ ಎಂದು ನೋಡುವ ಪರೀಕ್ಷೆ ಬೆಂಗಳೂರಿನ ದೊಡ್ಡ ಲ್ಯಾಬುಗಳಲ್ಲಿ ಆಗುತ್ತದೆ.

ಚೀನೀ ಮೂಲಿಕೆಗಳಿಗೆ ಸಾಕ್ಷ್ಯವೇ ಇಲ್ಲವೇ? ತ್ಯಾನ್‌ಮಾ, ಗೌಟೆಂಗ್ ಇಲಿಗಳ ಮೇಲೆ ಸ್ವಲ್ಪ ಕೆಲಸ ಮಾಡಿವೆ. ಮನುಷ್ಯರ ಮಟ್ಟಿಗೆ, ಚಿಕಿತ್ಸೆಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2009ರ ವಿಮರ್ಶೆ ಐದು ಪ್ರಯೋಗಗಳನ್ನು, 1,125 ಜನರನ್ನು ಲೆಕ್ಕಕ್ಕೆ ತೆಗೆದುಕೊಂಡು, ಪ್ರಯೋಗಗಳೇ ಕಚ್ಚಾ, ಇವನ್ನು ನಂಬಿ ಶಿಫಾರಸು ಮಾಡಲಾಗದು ಎಂದಿತು. ಇನ್ನೊಂದು ಮಾತು ನಿಮ್ಮ ಭಾವನವರಿಗೆ ಹೇಳಿ: ವಿಶ್ವ ಆರೋಗ್ಯ ಸಂಸ್ಥೆಯ ಜೊತೆಗೂಡಿ 2000ದ ದಶಕದಲ್ಲಿ ಚೀನಾ ತನ್ನ ಹಳ್ಳಿಗಳ ಮೂರ್ಛೆ ರೋಗಿಗಳಿಗೆ ದೊಡ್ಡ ಯೋಜನೆಯೊಂದನ್ನು ನಡೆಸಿತು. ಅದರಲ್ಲಿ ಹಳ್ಳಿ ವೈದ್ಯರ ಕೈಗೆ ಕೊಟ್ಟಿದ್ದು ಚೇಳಿನ ಪುಡಿಯಲ್ಲ, ಅಗ್ಗದ ಫೀನೋಬಾರ್ಬಿಟೋನ್ ಮಾತ್ರೆ.

ಪ್ರಶ್ನೆ: ಐದು ತಿಂಗಳ ಮಗು. ನಿದ್ದೆಯಿಂದ ಎದ್ದ ಕೂಡಲೇ ತಲೆ ಬಗ್ಗಿಸಿ, ಎರಡೂ ಕೈ ಚಾಚಿ ಬೆಚ್ಚಿಬೀಳುತ್ತೆ. ಒಂದಾದ ಮೇಲೆ ಒಂದು, ಇಪ್ಪತ್ತು ಸಲ. ಆಮೇಲೆ ಅಳುತ್ತೆ. ಹತ್ತು ದಿನದಿಂದ ನಗುವುದು ಕಮ್ಮಿಯಾಗಿದೆ. ಅತ್ತೆ ಬಾಲಗ್ರಹ ಅಂತ ಬಜೆ ತೇಯ್ದು ನೆಕ್ಕಿಸುತ್ತಿದ್ದಾರೆ, ಗೋರೋಚನ ಮಾತ್ರೆಯೂ ತರಿಸಿದ್ದಾರೆ. ಒಂದು ತಿಂಗಳು ನೋಡೋಣ ಅನ್ನುತ್ತಾರೆ. — ಮುಳಬಾಗಿಲು

ಉತ್ತರ: ಒಂದು ತಿಂಗಳಲ್ಲ, ಒಂದು ವಾರವೂ ನೋಡಬೇಡಿ. ಈ ಪತ್ರ ಕೈಸೇರಿದ ದಿನವೇ ನಿಮಗೆ ಫೋನ್ ಮಾಡಿ ತಿಳಿಸಿದ್ದೇವೆ. ಇತರರಿಗೂ ಗೊತ್ತಿರಲಿ ಎಂದು ಇಲ್ಲಿ ಬರೆಯುತ್ತಿದ್ದೇವೆ.

ನೀವು ಬರೆದದ್ದು ವೆಸ್ಟ್ ಸಿಂಡ್ರೋಮ್ ಎಂಬ ಎಳೆಮಕ್ಕಳ ಮೂರ್ಛೆ ಕಾಯಿಲೆಯ ಲಕ್ಷಣಕ್ಕೆ ಹೊಂದುತ್ತದೆ. ಹೆಚ್ಚಾಗಿ 3ರಿಂದ 12 ತಿಂಗಳೊಳಗೆ ಶುರುವಾಗುತ್ತದೆ. ಸಾಮಾನ್ಯ ಬೆಚ್ಚುವಿಕೆ ಸದ್ದಿಗೋ ಮುಟ್ಟಿದ್ದಕ್ಕೋ ಬರುತ್ತದೆ, ಒಂದು ಸಲ ಬಂದು ಹೋಗುತ್ತದೆ. ಇದು ಯಾವ ಕಾರಣವೂ ಇಲ್ಲದೆ, ಕೆಲವು ಸೆಕೆಂಡಿಗೊಂದರಂತೆ ಸರಪಣಿಯಾಗಿ ಬರುತ್ತದೆ, ಪ್ರತಿಯೊಂದೂ ಒಂದೆರಡು ಸೆಕೆಂಡು. ಹೊಟ್ಟೆನೋವು ಎಂದು ಗ್ರೈಪ್ ವಾಟರ್ ಕೊಟ್ಟು ದಿನ ದೂಡುವುದು ಇಲ್ಲೇ. ನಗು ಮಾಯವಾಗುವುದು, ಕಣ್ಣಿಗೆ ಕಣ್ಣು ಕೊಡದಿರುವುದು, ನಿಂತ ಕತ್ತು ಮತ್ತೆ ಸಡಿಲವಾಗುವುದು: ಮೆದುಳಿನ ಬೆಳವಣಿಗೆ ನಿಂತಿದೆ ಎಂಬುದಕ್ಕೆ ಇವು ಗುರುತು. ಚಿಕಿತ್ಸೆ ತಡವಾದಷ್ಟೂ ಮಗು ಕಲಿಕೆಯಲ್ಲಿ ಹಿಂದೆ ಬೀಳುತ್ತದೆ.

ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಹೊದಿಕೆ ತೆಗೆದು, ತಲೆಯಿಂದ ಪಾದದವರೆಗೆ ಕಾಣುವಂತೆ, ಎರಡು ಮೂರು ನಿಮಿಷ. ವೈದ್ಯರಿಗೆ ನಿಮ್ಮ ವಿವರಣೆಗಿಂತ ಇದು ಹೆಚ್ಚು ಹೇಳುತ್ತದೆ. ಇ.ಇ.ಜಿ., ಅಂದರೆ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ, ಮಾಡುವಾಗ ಮಗು ನಿದ್ದೆಯನ್ನೂ ಮಾಡಬೇಕು, ಎದ್ದೂ ಇರಬೇಕು. ಎಚ್ಚರದಲ್ಲಿ ಮಾತ್ರ ಹತ್ತು ನಿಮಿಷ ಮಾಡಿ ‘ನಾರ್ಮಲ್’ ಎಂದ ವರದಿಯನ್ನು ನಂಬಿ ಕೂರಬೇಡಿ. ನಿಮ್ಮಿಂದ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಾಗಲಿ ನಿಮ್ಹಾನ್ಸ್ ಆಗಲಿ ಅರ್ಧ ದಿನದ ದಾರಿ.

ಚಿಕಿತ್ಸೆ ಎ.ಸಿ.ಟಿ.ಎಚ್. ಎಂಬ ಹಾರ್ಮೋನಿನ ಚುಚ್ಚುಮದ್ದು ಅಥವಾ ಹೆಚ್ಚು ಪ್ರಮಾಣದ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್. ಪ್ರೆಡ್ನಿಸೊಲೋನ್ ದಿನಕ್ಕೆ 40ರಿಂದ 60 ಮಿ.ಗ್ರಾಂ.ವರೆಗೂ ಹೋಗುತ್ತದೆ. ‘ಇಷ್ಟು ಪುಟ್ಟ ಮಗುವಿಗೆ ಇಷ್ಟೊಂದಾ?’ ಎಂದು ಮೆಡಿಕಲ್ ಸ್ಟೋರಿನವರೋ ಮನೆಯವರೋ ಅರ್ಧ ಮಾಡಿಬಿಟ್ಟರೆ ಪರಿಣಾಮವೇ ಇರದು. ಸುಮಾರು ಎರಡು ವಾರ ಕೊಟ್ಟು ಇಳಿಸುತ್ತಾರೆ. ಅಷ್ಟರಲ್ಲಿ ಬಿ.ಪಿ., ಸಕ್ಕರೆ ನೋಡಿಸುತ್ತಿರಬೇಕು, ಜ್ವರ ಬಂದರೆ ಆಸ್ಪತ್ರೆಗೆ ಓಡಬೇಕು. ಪೋಲಿಯೋ ಹನಿ, ಎಂ.ಆರ್. (ದಡಾರ, ರುಬೆಲ್ಲಾ) ಲಸಿಕೆಯಂಥ ಜೀವಂತ ಲಸಿಕೆಗಳನ್ನು ಕೇಳದೆ ಹಾಕಿಸಬಾರದು. ಆಶಾ ಕಾರ್ಯಕರ್ತೆಗೆ ಮೊದಲೇ ಹೇಳಿಡಿ. ಮೈಮೇಲೆ ಎಲೆಯಾಕಾರದ ಬಿಳಿ ಮಚ್ಚೆಗಳಿದ್ದರೆ ವೈದ್ಯರಿಗೆ ತೋರಿಸಿ. ಟ್ಯೂಬರಸ್ ಸ್ಕ್ಲೀರೋಸಿಸ್ ಎಂಬ ಹುಟ್ಟು ಕಾಯಿಲೆ ಇದಕ್ಕೆ ಕಾರಣವಾಗಿದ್ದಲ್ಲಿ ವಿಗಾಬಾಟ್ರಿನ್ ಎಂಬ ಬೇರೆ ಔಷಧಿ ಮೊದಲ ಆಯ್ಕೆ.

ಬಜೆ ನಿಲ್ಲಿಸಿ. ಅತ್ತೆಯವರ ಪ್ರೀತಿಯಲ್ಲಿ ಅನುಮಾನವಿಲ್ಲ. ಆದರೆ ಬಜೆಯಲ್ಲಿ ಬೀಟಾ ಅಸರೋನ್ ಎಂಬ ವಿಷಾಂಶವಿದೆ, ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿತು. ತೇಯುವ ಕಲ್ಲಿನ ಮೇಲೆ ಎಷ್ಟು ಸುತ್ತು ತೇಯ್ದರೆ ಎಷ್ಟು ಬಂತು ಎಂಬ ಲೆಕ್ಕ ಯಾರಿಗೂ ಸಿಗದು. ಗೋರೋಚನವೆಂದು ಅಂಗಡಿಯಲ್ಲಿ ಕೊಡುವುದು ಗೋರೋಚನವೇ ಎಂಬುದಕ್ಕೂ ಖಾತ್ರಿಯಿಲ್ಲ. ತಾಯತ ಕಟ್ಟಿದ್ದರೆ ಇರಲಿ, ದಾರ ಬಿಗಿಯಾಗದಂತೆ ನೋಡಿಕೊಳ್ಳಿ.

ಪ್ರಶ್ನೆ: ಎಂಟು ವರ್ಷದ ಮಗಳು ದಿನಕ್ಕೆ ಹತ್ತಾರು ಸಲ ಮಾತಿನ ಮಧ್ಯೆ ಹತ್ತು ಸೆಕೆಂಡು ನೋಟ ನೆಟ್ಟು ನಿಂತುಬಿಡುತ್ತಾಳೆ. ಮತ್ತೆ ಏನೂ ಆಗದವಳಂತೆ ಮುಂದುವರಿಸುತ್ತಾಳೆ. ಅಕ್ಯುಪಂಕ್ಚರ್‌ನವರು 20 ಸಿಟ್ಟಿಂಗ್ ಆದರೆ ಸರಿಹೋಗುತ್ತೆ ಅಂದಿದ್ದಾರೆ. — ತಿಪಟೂರು

ಉತ್ತರ: ಇದು ಆಬ್ಸೆನ್ಸ್ ಎಂಬ ಬಗೆಯ ಫಿಟ್ಸ್ ಇದ್ದೀತು. ಪತ್ತೆ ಸುಲಭ. ಅಂಗೈ ಮೇಲೆ ಕಾಗದದ ಚೂರಿಟ್ಟು ‘ಊದುತ್ತಾ ಇರು’ ಎಂದು ವೈದ್ಯರು ಮೂರು ನಿಮಿಷ ಊದಿಸುತ್ತಾರೆ, ಬಹಳ ಮಕ್ಕಳಿಗೆ ಅಲ್ಲೇ, ಕಣ್ಣೆದುರೇ ಬಂದುಬಿಡುತ್ತದೆ. ಇ.ಇ.ಜಿ.ಯಲ್ಲಿ ಸೆಕೆಂಡಿಗೆ ಮೂರರಂತೆ ಏಳುವ ಅಲೆ ಕಾಣುತ್ತದೆ. ಊದಿಸುವ ಪರೀಕ್ಷೆಯನ್ನು ಮನೆಯಲ್ಲಿ ಮಾಡಿ ನೋಡಬೇಡಿ.

ಅಮೆರಿಕದಲ್ಲಿ 453 ಮಕ್ಕಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಥೊಸಕ್ಸಿಮೈಡ್ ಮತ್ತು ವಾಲ್‌ಪ್ರೊಯೇಟ್ ಎರಡೂ ಸಮಸಮ ಕೆಲಸ ಮಾಡಿದವು, ಗಮನ ಕೆಡಿಸುವುದು ಮಾತ್ರ ಎಥೊಸಕ್ಸಿಮೈಡ್‌ನಲ್ಲಿ ಕಡಿಮೆ. ಹೆಣ್ಣುಮಗುವಾದ್ದರಿಂದ ವಾಲ್‌ಪ್ರೊಯೇಟ್ ಕೊಡುವ ಮುಂಚೆ ವೈದ್ಯರು ಇನ್ನೊಮ್ಮೆ ಯೋಚಿಸುತ್ತಾರೆ. ಮುಂದೆ ಗರ್ಭಿಣಿಯಾದಾಗಲೂ ಅದೇ ಔಷಧಿಯಲ್ಲಿದ್ದರೆ ಹೊಟ್ಟೆಯ ಕೂಸಿಗೆ ತೊಂದರೆ. ಕಾರ್ಬಮಜೆಪೈನ್ ಎಂಬ ಫಿಟ್ಸ್ ಔಷಧಿ ಮಾತ್ರ ಈ ಬಗೆಗೆ ಕೂಡದು, ಫಿಟ್ಸ್ ಹೆಚ್ಚಾಗುತ್ತದೆ. ‘ಇಂಗ್ಲಿಷ್ ಔಷಧಿ ಕೊಟ್ಟರೂ ಜಾಸ್ತಿಯಾಯಿತು’ ಎನ್ನುವ ಕೆಲವು ದೂರುಗಳ ಹಿಂದೆ ಇರುವುದು ಇದೇ, ಬಗೆ ನೋಡದೆ ಕೊಟ್ಟ ಮಾತ್ರೆ.

ಅಕ್ಯುಪಂಕ್ಚರ್ ಬಗ್ಗೆ 2014ರ ಕಾಕ್ರೇನ್ ವಿಮರ್ಶೆ 17 ಪ್ರಯೋಗ, 1,538 ಜನರನ್ನು ನೋಡಿ, ಫಿಟ್ಸ್‌ಗೆ ಉಪಯೋಗವಿದೆ ಎನ್ನಲು ಆಧಾರ ಸಿಗಲಿಲ್ಲ ಎಂದಿತು. ಆದರೂ ಮಾಡಿಸುತ್ತೇವೆ ಎನ್ನುವವರು ಮಾತ್ರೆ ನಿಲ್ಲಿಸದೆ ಮಾಡಿಸಿ, ನಿಮ್ಮೆದುರೇ ಸೀಲು ಒಡೆದ ಹೊಸ ಸೂಜಿಯಿಂದ ಮಾತ್ರ. ಮಗು ವಾಲ್‌ಪ್ರೊಯೇಟ್ ತೆಗೆದುಕೊಳ್ಳುತ್ತಿದ್ದರೆ ಮೊದಲು ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ಎಣಿಕೆ ಮಾಡಿಸಿ, ಆ ಔಷಧಿ ಪ್ಲೇಟ್‌ಲೆಟ್ ಇಳಿಸುವುದುಂಟು, ಚುಚ್ಚಿದಲ್ಲಿ ರಕ್ತ ಹೆಪ್ಪುಗಟ್ಟದೆ ನೀಲಿಗಟ್ಟುತ್ತದೆ. ವಿದ್ಯುತ್ ಹಾಯಿಸುವ ಸೂಜಿ ಬೇಡವೇ ಬೇಡ.

ಪ್ರಶ್ನೆ: ಮಗನಿಗೆ ಒಂಬತ್ತು ವರ್ಷ, ಫಿಟ್ಸ್ ಯಾವಾಗಲೂ ಬಲಗೈಯಿಂದಲೇ ಶುರು. ಫೆನಿಟಾಯಿನ್ ಸಿರಪ್, ಆಮೇಲೆ ಲೆವೆಟಿರಾಸಿಟಾಮ್ ಸೇರಿಸಿದರು, ನಿಂತಿಲ್ಲ. ತುಪ್ಪ ಬೆಣ್ಣೆ ಊಟದಿಂದ ನಿಲ್ಲುತ್ತಂತೆ, ಹೌದೇ? ಮುದ್ದೆ ಬಿಡಿಸಬೇಕೇ? — ಗೌರಿಬಿದನೂರು

ಉತ್ತರ: ಔಷಧಿ ಸೋತಿತು ಎನ್ನುವ ಮುಂಚೆ ಬಾಟಲಿ ನೋಡಿ. ಫೆನಿಟಾಯಿನ್ ಸಿರಪ್ ತಳಕ್ಕೆ ಇಳಿಯುತ್ತದೆ. ಅಲ್ಲಾಡಿಸದೆ ಬಗ್ಗಿಸಿದರೆ ಮೊದಲ ವಾರ ಬರೀ ನೀರು, ಫಿಟ್ಸ್ ಬರುತ್ತದೆ. ಕೊನೆಯ ವಾರ ಗಟ್ಟಿ ಔಷಧಿ, ಮಗು ಕುಡಿದವರಂತೆ ತೂರಾಡುತ್ತದೆ. ಅಡುಗೆ ಮನೆ ಚಮಚದಲ್ಲಿ ಅಳೆಯಬೇಡಿ, ಒಂದೊಂದು ಮನೆಯ ಚಮಚ ಒಂದೊಂದು ಅಳತೆ. ಸೂಜಿಯಿಲ್ಲದ 5 ಮಿ.ಲೀ. ಸಿರಿಂಜ್ ಬಳಸಿ.

ಅದೆಲ್ಲ ಸರಿಯಿದ್ದೂ, ಸೂಕ್ತವಾದ ಎರಡು ಔಷಧಿ ಸರಿಯಾದ ಪ್ರಮಾಣದಲ್ಲಿ ಸೋತರೆ ಅದನ್ನು ಔಷಧಿಗೆ ಬಗ್ಗದ ಮೂರ್ಛೆ ಎನ್ನುತ್ತಾರೆ. ಆಗ ಮೂರನೆಯದು, ನಾಲ್ಕನೆಯದು ಎಂದು ವರ್ಷ ಕಳೆಯುವುದಕ್ಕಿಂತ ಬೇರೆ ದಾರಿ ನೋಡಬೇಕು. ನಿಮ್ಮ ಮಗನಿಗೆ ಯಾವಾಗಲೂ ಒಂದೇ ಕೈಯಿಂದ ಶುರುವಾಗುತ್ತದೆ ಎಂದರೆ ಮೆದುಳಿನ ಎಡಭಾಗದಲ್ಲಿ ಒಂದು ಜಾಗ ಕೆಟ್ಟಿರಬಹುದು. ಊಟ ಬದಲಿಸುವ ಮೊದಲು ಮೂರ್ಛೆಗೆಂದೇ ಮಾಡುವ ಎಂ.ಆರ್.ಐ. ಮತ್ತು ವಿಡಿಯೋ ಇ.ಇ.ಜಿ. ಮಾಡಿಸಿ, ಶಸ್ತ್ರಚಿಕಿತ್ಸೆಗೆ ಬರುತ್ತದೆಯೇ ಎಂದು ಕೇಳಿ. ದೆಹಲಿಯ ಏಮ್ಸ್‌ನಲ್ಲಿ ಇಂಥ 116 ಮಕ್ಕಳ ಪ್ರಯೋಗ ನಡೆದು 2017ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ ಶಸ್ತ್ರಚಿಕಿತ್ಸೆ ಆದವರಲ್ಲಿ ನೂರಕ್ಕೆ 77 ಮಕ್ಕಳಿಗೆ ಫಿಟ್ಸ್ ಇರಲಿಲ್ಲ, ಬರೀ ಔಷಧಿಯಲ್ಲಿದ್ದವರಲ್ಲಿ ನೂರಕ್ಕೆ 7 ಮಾತ್ರ. ಇನ್ನೊಂದು ಮಗ್ಗುಲೂ ಗೊತ್ತಿರಲಿ: ಶಸ್ತ್ರಚಿಕಿತ್ಸೆ ಆದವರಲ್ಲಿ ಮೂವರಲ್ಲಿ ಒಬ್ಬರಿಗೆ ಗಂಭೀರ ತೊಂದರೆಯಾಯಿತು, ಬಹುಪಾಲು ಒಂದು ಪಕ್ಕದ ಕೈಕಾಲಿನ ಬಲಹೀನತೆ. ನಿಮ್ಹಾನ್ಸ್‌ನಲ್ಲಿ ಈ ತಪಾಸಣೆ, ಶಸ್ತ್ರಚಿಕಿತ್ಸೆ ಎರಡೂ ಇವೆ. ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ 2022ರಲ್ಲಿ ಮೊದಲು ಶುರುವಾದ ಜಿಲ್ಲೆಗಳಲ್ಲಿ ನಿಮ್ಮದೂ ಒಂದು, ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ ಚೀಟಿ ಬರೆಸಿಕೊಂಡು ಹೋಗಿ.

ತುಪ್ಪ ಬೆಣ್ಣೆಯ ಊಟಕ್ಕೆ ಕೀಟೋಜೆನಿಕ್ ಡಯಟ್ ಎಂದು ಹೆಸರು. 1921ರಿಂದ ಬಳಕೆಯಲ್ಲಿದೆ, ಪೊಳ್ಳು ಮಾತಲ್ಲ. ಕಟ್ಟುನಿಟ್ಟಿನ ಕ್ರಮದಲ್ಲಿ 4 ಗ್ರಾಂ ಕೊಬ್ಬಿಗೆ ಪ್ರೋಟೀನ್ ಮತ್ತು ಪಿಷ್ಟ ಎರಡೂ ಸೇರಿ 1 ಗ್ರಾಂ. ಸಡಿಲ ಕ್ರಮದಲ್ಲಿ ದಿನಕ್ಕೆ 10 ಗ್ರಾಂ ಪಿಷ್ಟ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಪಿಷ್ಟವಿದೆ, ಅಂದರೆ ನೆಲ್ಲಿಕಾಯಿ ಗಾತ್ರದ ಮುದ್ದೆಗೇ ದಿನದ ಪಾಲು ಮುಗಿಯಿತು. ಮೊಟ್ಟೆ, ಪನೀರ್, ಕೊಬ್ಬರಿ, ತುಪ್ಪ, ಸೊಪ್ಪು ಇವೇ ಊಟ. ಕೆಡುವುದು ಎಲ್ಲಿ ಎಂದರೆ ಅಜ್ಜಿ ಕದ್ದು ಕೊಟ್ಟ ಬಿಸ್ಕತ್ತಿನಲ್ಲಿ, ಕೆಮ್ಮಿನ ಸಿರಪ್ಪಿನ ಸಕ್ಕರೆಯಲ್ಲಿ, ಜ್ವರಕ್ಕೆ ಸೇರಿಸಿದಾಗ ಹಾಕಿದ ಗ್ಲೂಕೋಸ್ ಡ್ರಿಪ್ಪಿನಲ್ಲಿ. ಫಿಟ್ಸ್ ಔಷಧಿಯನ್ನೂ ಸಿರಪ್ಪಿನಿಂದ ಮಾತ್ರೆಗೆ ಬದಲಿಸಬೇಕಾಗುತ್ತದೆ. ನೀರು ಕಮ್ಮಿಯಾದರೆ ಮೂತ್ರಪಿಂಡದಲ್ಲಿ ಕಲ್ಲು, ಮಲಬದ್ಧತೆ. ಕೊಬ್ಬು ಕರಗಿಸಲಾಗದ ಹುಟ್ಟು ಕಾಯಿಲೆಯ ಮಕ್ಕಳಿಗೆ ಇದು ಪ್ರಾಣಾಂತಕ, ಆದ್ದರಿಂದ ಮೊದಲು ರಕ್ತ ಪರೀಕ್ಷೆ ಆಗಬೇಕು. ಯೂಟ್ಯೂಬ್ ನೋಡಿ ಶುರು ಮಾಡುವ ಪಥ್ಯವಲ್ಲ. ಮೂರು ತಿಂಗಳಲ್ಲಿ ಫಲ ಕಾಣದಿದ್ದರೆ ಬಿಟ್ಟುಬಿಡಬಹುದು, ಮುದ್ದೆ ಮತ್ತೆ ತಟ್ಟೆಗೆ ಬರುತ್ತದೆ.

ಪ್ರಶ್ನೆ: ಹತ್ತು ವರ್ಷದ ಹುಡುಗನಿಗೆ ತಲೆಗೆ ಬಿಸಿನೀರು ಹಾಕಿದಾಗ ಮಾತ್ರ ಫಿಟ್ಸ್. ಬೇರೆ ದಿನ ಏನೂ ಇಲ್ಲ. ದಿನಾ ಮಾತ್ರೆ ಬೇಕೇ? — ಪಾವಗಡ

ಉತ್ತರ: ಹೆಚ್ಚಾಗಿ ಬೇಕಿಲ್ಲ. ಬಿಸಿನೀರಿನ ಮೂರ್ಛೆ ನಮ್ಮ ಸೀಮೆಯಲ್ಲಿ ಹೆಚ್ಚು, ನಿಮ್ಹಾನ್ಸ್ ವೈದ್ಯರು ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಹಂಡೆಯಿಂದ ಚೊಂಬುಚೊಂಬಾಗಿ ಸುಡುನೀರು ನೆತ್ತಿಗೆ ಸುರಿಯುವ ನಮ್ಮ ಪದ್ಧತಿಯೇ ಇದನ್ನು ಕೆರಳಿಸುವುದು. ಉಗುರುಬೆಚ್ಚಗಿನ ನೀರು, ಮೊದಲು ಮೈಗೆ, ಕೊನೆಗೆ ತಲೆಗೆ ಸ್ವಲ್ಪ. ಬಚ್ಚಲಿಗೆ ಅಗಳಿ ಹಾಕಬಾರದು, ಒಲೆಯ ಹತ್ತಿರ ಕೂರಿಸಬಾರದು. ಅಷ್ಟಕ್ಕೂ ನಿಲ್ಲದಿದ್ದರೆ ತಲೆಸ್ನಾನದ ದಿನ ಮಾತ್ರ, ಒಂದೂವರೆ ಎರಡು ಗಂಟೆ ಮೊದಲು ಕ್ಲೋಬಜಾಮ್ ಮಾತ್ರೆಯನ್ನು ವೈದ್ಯರು ಬರೆಯುತ್ತಾರೆ. ಸ್ನಾನವಿಲ್ಲದೆಯೂ ಒಮ್ಮೆ ಬಂದರೆ ಲೆಕ್ಕ ಬೇರೆ, ಆಗ ದಿನನಿತ್ಯದ ಔಷಧಿ ಬೇಕಾಗುತ್ತದೆ.

ಪ್ರಶ್ನೆ: ರಾತ್ರಿ ಫಿಟ್ಸ್ ಬಂದರೆ ಆಸ್ಪತ್ರೆಗೆ 40 ನಿಮಿಷ. ಅಲ್ಲಿಯವರೆಗೆ ಮೂಗಿನ ಸ್ಪ್ರೇ ಬಳಸಿ ಅಂದಿದ್ದಾರೆ. ಎಷ್ಟು ಸಲ ಒತ್ತಬೇಕು? ಮಗು 15 ಕೆ.ಜಿ. — ಬಂಗಾರಪೇಟೆ

ಉತ್ತರ: ಗಡಿಯಾರ ನೋಡಿ. ಬಹುಪಾಲು ಫಿಟ್ಸ್ ಎರಡು ಮೂರು ನಿಮಿಷಕ್ಕೆ ತಾನೇ ನಿಲ್ಲುತ್ತವೆ. ಮಗುವನ್ನು ಪಕ್ಕಕ್ಕೆ ಮಲಗಿಸಿ, ಜೊಲ್ಲು ಹೊರಗೆ ಹರಿಯಲಿ. ಕೈಗೆ ಬೀಗದ ಕೈ, ಮೂಗಿಗೆ ಈರುಳ್ಳಿ, ಹಲ್ಲಿನ ಮಧ್ಯೆ ಚಮಚ ಬೇಡ. ಚೀನೀ ಪದ್ಧತಿಯಂತೆ ಮೂಗಿನ ಕೆಳಗೆ ಉಗುರಿನಿಂದ ಒತ್ತಿದರೂ ಗಾಯವಾಗುತ್ತದೆ, ಫಿಟ್ಸ್ ನಿಲ್ಲದು.

ಐದು ನಿಮಿಷವಾದರೂ ನಿಲ್ಲದಿದ್ದರೆ ಸ್ಪ್ರೇ, ಜೊತೆಗೇ 108ಕ್ಕೆ ಫೋನ್. ಸ್ಪ್ರೇಯಲ್ಲಿರುವ ಔಷಧಿ ಮಿಡಾಜೋಲಾಮ್, ಕೆ.ಜಿ.ಗೆ 0.2 ಮಿ.ಗ್ರಾಂ., ನಿಮ್ಮ ಮಗುವಿಗೆ 3 ಮಿ.ಗ್ರಾಂ. ಒಂದು ಒತ್ತಿಗೆ 0.5 ಮಿ.ಗ್ರಾಂ. ಬರುವ ಬಾಟಲಿಯಾದರೆ ಆರು ಸಲ, ಎರಡು ಹೊಳ್ಳೆಗೂ ಮೂರು ಮೂರು. ಒತ್ತಿಗೆ 1.25 ಮಿ.ಗ್ರಾಂ. ಬರುವ ಬಾಟಲಿಯೂ ಮಾರುಕಟ್ಟೆಯಲ್ಲಿದೆ, ಅದನ್ನು ಆರು ಸಲ ಒತ್ತಿದರೆ ಉಸಿರೇ ಇಳಿದೀತು. ಬಾಟಲಿ ಬದಲಾದಾಗಲೆಲ್ಲ ಎಷ್ಟು ಒತ್ತು ಎಂದು ವೈದ್ಯರಿಂದ ಬರೆಸಿ ಬಾಟಲಿಗೇ ಅಂಟಿಸಿ. ಹೊಸ ಬಾಟಲಿಯಾದರೆ ಮಂಜಿನಂತೆ ಬರುವವರೆಗೆ ಮೊದಲು ಗಾಳಿಯಲ್ಲಿ ಕೆಲವು ಸಲ ಒತ್ತಬೇಕು. ಇದನ್ನು ಮಾಡದೆ ‘ಸ್ಪ್ರೇ ಕೆಲಸ ಮಾಡಲಿಲ್ಲ’ ಎನ್ನುವವರು ಬಹಳ. ಆಮೇಲೆ ಎದೆ ಏರಿಳಿಯುವುದನ್ನು ನೋಡುತ್ತಿರಿ, ಎರಡನೇ ಸಲ ಕೇಳದೆ ಹಾಕಬೇಡಿ.

ಪ್ರಶ್ನೆ: ಫಿಟ್ಸ್ ಇರುವ ಮಗುವಿಗೆ ನೆಗಡಿಯಾದಾಗ ಕರ್ಪೂರ ಹಾಕಿ ಕಾಯಿಸಿದ ಎಣ್ಣೆ ಎದೆಗೆ ಹಚ್ಚಬಹುದೇ? — ಕೊರಟಗೆರೆ

ಉತ್ತರ: ಬೇಡ. ಕರ್ಪೂರ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಫಿಟ್ಸ್ ಇಲ್ಲದ ಮಗುವಿಗೂ ಫಿಟ್ಸ್ ತರಿಸಬಲ್ಲದು. ನೀಲಗಿರಿ ಎಣ್ಣೆಯೂ ಹಾಗೆಯೇ. ಮೂಗು ಕಟ್ಟಿದ್ದರೆ ಉಪ್ಪುನೀರಿನ ಹನಿ ಸಾಕು. ಪುಟ್ಟ ಮಗು 1 ಗ್ರಾಂ ಕರ್ಪೂರ ನುಂಗಿ ತೀರಿಕೊಂಡ ದಾಖಲೆಗಳಿವೆ. ನುಂಗಿದ್ದು ಗೊತ್ತಾದರೆ ವಾಂತಿ ಮಾಡಿಸಬೇಡಿ, ಮಧ್ಯದಲ್ಲೇ ಫಿಟ್ಸ್ ಬಂದು ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ, ನೇರ ಆಸ್ಪತ್ರೆಗೆ ಹೋಗಿ. ಆರತಿ ತಟ್ಟೆಯ ಪಕ್ಕದ ಡಬ್ಬಿಯನ್ನು ಮೇಲಿನ ಗೂಡಿಗೆ ಏರಿಸಿ, ಬಿಲ್ಲೆ ಕರ್ಪೂರ ಮಕ್ಕಳ ಕಣ್ಣಿಗೆ ಪೆಪ್ಪರಮಿಂಟಿನಂತೆಯೇ ಕಾಣುವುದು.